ಉಳಿ ತಾಗುವ ಮುಂಚಿನ ಕೆಲಸ: ಕಲ್ಲಿನ ಸ್ಮಾರಕ ಮಾಡುವವರ ವೃತ್ತಿ

ಸ್ಮಾರಕ ಶಿಲ್ಪಿ ಎಂದರೆ ಉಳಿ, ಸುತ್ತಿಗೆ, ಮೈತುಂಬ ಧೂಳು ಎಂಬ ಚಿತ್ರವೇ ಹೆಚ್ಚಿನವರ ತಲೆಯಲ್ಲಿರುತ್ತದೆ. ಈ ಕೆಲಸಕ್ಕೆ ಬರಬೇಕೆನ್ನುವ ಹುಡುಗ ಹುಡುಗಿಯರು ಮೊದಲು ಕೇಳುವುದೂ ಯಾವ ಉಳಿ ಕೊಳ್ಳಬೇಕು ಎಂದೇ. ಆದರೆ ಹತ್ತಿಪ್ಪತ್ತು ವರ್ಷದಲ್ಲಿ ಕೆಟ್ಟುಹೋದ ಸ್ಮಾರಕಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಕೆತ್ತನೆ ಸರಿಯಿಲ್ಲದೆ ಕೆಟ್ಟದ್ದು ಅಪರೂಪ. ಜಾಗಕ್ಕೆ ಹೊಂದದ ಕಲ್ಲು, ತಪ್ಪು ಅಕ್ಷರ, ಒಳಗೆ ತುಕ್ಕು ಹಿಡಿದ ಕಬ್ಬಿಣ, ಕುಸಿದ ಪಾಯ, ಹರಿದುಹೋಗದೆ ನಿಂತ ನೀರು, ಇವೇ ಕಾರಣ. ಇವೆಲ್ಲವೂ ನಿರ್ಧಾರವಾಗುವುದು ಕಲ್ಲಿಗೆ ಉಳಿ ತಾಗುವ ಮುಂಚೆ. ಹಾಗಾಗಿ ಇಲ್ಲಿ ಕೆತ್ತನೆಗಿಂತ ಅದರ ಹಿಂದುಮುಂದಿನ ಕೆಲಸದ ಮಾತೇ ಜಾಸ್ತಿ.

ಒಳಬರುವ ದಾರಿ

ದಾರಿ ಎರಡು. ಕಲಾಶಾಲೆಯಲ್ಲಿ ಶಿಲ್ಪ ಕಲಿತು ಆಮೇಲೆ ಕಲ್ಲಿಗೆ ಬರುವುದು ಒಂದು. ಕಲ್ಲುಕೆಲಸದ ಶೆಡ್ಡಿನಲ್ಲಿ ಕೈಯಾಳಾಗಿ ಸೇರಿ ವಿನ್ಯಾಸದವರೆಗೆ ಏರುವುದು ಇನ್ನೊಂದು. ಮೊದಲನೆಯವರಿಗೆ ಪ್ರಮಾಣ, ರೇಖೆ ಚೆನ್ನಾಗಿ ಗೊತ್ತಿರುತ್ತದೆ, ತೂಕದ ಅಂದಾಜು ಇರುವುದಿಲ್ಲ. ಎರಡನೆಯವರಿಗೆ ತೂಕ, ಬಿರುಕು, ಅಂಚು ಎಲ್ಲಾ ಗೊತ್ತು, ಖಾಲಿ ಜಾಗ ಬಿಡುವ ಧೈರ್ಯ ಬರುವುದು ತಡ. ಎರಡು ಕಡೆಯವರೂ ಬಿಟ್ಟುಹೋದ ಅರ್ಧವನ್ನು ಕಲಿಯಲೇಬೇಕು. ನನ್ನ ಅಭಿಪ್ರಾಯ ಕೇಳಿದರೆ, ಶೆಡ್ಡಿನ ಅರ್ಧವನ್ನು ಮೊದಲು ಕಲಿಯುವುದು ಒಳ್ಳೆಯದು. ಚಿತ್ರ ಬರೆಯುವುದನ್ನು ನಲವತ್ತರಲ್ಲೂ ಸುಧಾರಿಸಿಕೊಳ್ಳಬಹುದು, ಕೈಗೆ ಕಲ್ಲಿನ ಏಟು ಪಳಗಲು ವರ್ಷಗಳು ಬೇಕು.

ಶೆಡ್ಡಿನಲ್ಲಿ ಮೊದಲ ಪಾಠ ಒಂದು ಮುಖವನ್ನು ಸಮತಟ್ಟು ಮಾಡುವುದು. ಕೇಳಲು ಸಪ್ಪೆ, ಮಾಡಲು ಕಷ್ಟ. ಕಲ್ಲಿನ ಒಂದು ಅಂಚಿನುದ್ದಕ್ಕೂ ಸುಮಾರು 25 ಮಿ.ಮೀ. ಅಗಲದ ಪಟ್ಟಿಯನ್ನು ನೇರಪಟ್ಟಿಗೆ ತಾಳೆಯಾಗುವ ಹಾಗೆ ಕಡಿಯಬೇಕು. ಎದುರಿನ ಅಂಚಿನಲ್ಲಿ ಇನ್ನೊಂದು. ಎರಡರ ಮೇಲೂ ಒಂದೊಂದು ನೇರಪಟ್ಟಿ ನಿಲ್ಲಿಸಿ, ಒಂದರ ಮೇಲಂಚಿನಿಂದ ಇನ್ನೊಂದರ ಮೇಲಂಚನ್ನು ಕಣ್ಣಳತೆಯಲ್ಲಿ ನೋಡಿದರೆ ತಿರುಚು ಇದ್ದರೆ ಗೊತ್ತಾಗುತ್ತದೆ. ತಿರುಚು ಹೋದ ಮೇಲೆ ಉಳಿದ ಎರಡು ಅಂಚುಗಳನ್ನು ಕೂಡಿಸಿ, ಕೊನೆಗೆ ನಡುವಿನ ಉಬ್ಬನ್ನು ಮೊನೆ ಉಳಿಯಿಂದ ಇಳಿಸುವುದು. ಇವತ್ತು ಯಂತ್ರದ ಗರಗಸ ಈ ಕೆಲಸವನ್ನು ನಿಮಿಷಗಳಲ್ಲಿ ಮಾಡುತ್ತದೆ. ಆದರೂ ಇದನ್ನು ಒಮ್ಮೆ ಕೈಯಲ್ಲಿ ಮಾಡಿದವರು ಚಿತ್ರ ಬರೆಯುವಾಗ ತೆಳ್ಳಗಿನ ಚೂಪು ಅಂಚುಗಳನ್ನು ಬರೆಯುವುದಿಲ್ಲ, ಅವು ಎಲ್ಲಿ ಸಿಡಿಯುತ್ತವೆ ಎಂದು ಕೈಗೆ ಗೊತ್ತಿರುತ್ತದೆ.

ವಿನ್ಯಾಸ ಮಾಡಿದವರೇ ಕೆತ್ತಬೇಕೆಂಬ ಕಟ್ಟಳೆಯೇನೂ ಇಲ್ಲ. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದಲ್ಲಿ ಕುಳಿತಿರುವ 19 ಅಡಿಯ ಪ್ರತಿಮೆಯ ಮಾದರಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಅವರದು; ಜಾರ್ಜಿಯಾದ ಬಿಳಿ ಅಮೃತಶಿಲೆಯ 28 ತುಂಡುಗಳಲ್ಲಿ ಅದನ್ನು ಕೆತ್ತಿದ್ದು ಪಿಚಿರಿಲ್ಲಿ ಸಹೋದರರು. ಈಗಿನ ಕ್ರಮ ಇನ್ನೂ ಬೇರೆ: ಜೇಡಿಮಣ್ಣಿನ ಮಾದರಿಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಮೇಲ್ಮೈಗಿಂತ 2ರಿಂದ 5 ಮಿ.ಮೀ. ಉಳಿಸಿ ಕೊರೆಯುತ್ತದೆ, ಉಳಿದದ್ದು ಕೈಗೆ. ಆ ಕೊನೆಯ ಕೆಲವು ಮಿಲಿಮೀಟರು ಯಾರ ಕೈಯಲ್ಲಿ ಹೋಗುತ್ತದೆ ಎಂಬುದರ ಮೇಲೆ ಮುಖ ಮುಖವಾಗುತ್ತದೋ ಗೊಂಬೆಯಾಗುತ್ತದೋ ನಿಂತಿದೆ.

ಹೊಟ್ಟೆ ತುಂಬಿಸುವುದು ದೊಡ್ಡ ಸಾರ್ವಜನಿಕ ಸ್ಮಾರಕಗಳಲ್ಲ. ಸಮಾಧಿಗಲ್ಲು, ನಾಮಫಲಕ, ಅಕ್ಷರ ಕೆತ್ತನೆ, ಹಳೆಯ ಕಲ್ಲಿನ ದುರಸ್ತಿ, ಇವು ತಿಂಗಳು ನಡೆಸುತ್ತವೆ. ದೊಡ್ಡ ಕೆಲಸಗಳು ಸಾಮಾನ್ಯವಾಗಿ ಸ್ಪರ್ಧೆಯ ಮೂಲಕ ಬರುತ್ತವೆ. ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕದ 1981ರ ಸ್ಪರ್ಧೆಗೆ ಬಂದ ನಮೂನೆಗಳು 1,421. ತೀರ್ಪುಗಾರರಿಗೆ ಹೆಸರು ಕಾಣಿಸದ ಹಾಗೆ ಸಂಖ್ಯೆ ಮಾತ್ರ ಹಾಕಿದ್ದರಿಂದ 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಗೆದ್ದರು. ಈ ಕತೆಯನ್ನು ಎಲ್ಲರೂ ಹುರುಪಿನಿಂದ ಹೇಳುತ್ತಾರೆ. ಉಳಿದ 1,420 ಮಂದಿಯ ದುಡಿಮೆಗೆ ಏನಾಯಿತೆಂದು ಲೆಕ್ಕ ಹಾಕುವವರು ಕಡಿಮೆ. ಆಯ್ಕೆಪಟ್ಟಿಗೆ ಬಂದವರಿಗಾದರೂ ಸಂಭಾವನೆ ಕೊಡುವ ಸ್ಪರ್ಧೆಗಳಿಗೆ ಮಾತ್ರ ದೊಡ್ಡ ಮಾದರಿ ಮಾಡಿ. ಉಳಿದವಕ್ಕೆ ಒಂದು ಹಾಳೆ ಚಿತ್ರ, ಅರ್ಧ ಪುಟ ವಿವರಣೆ ಸಾಕು.

ಕಲ್ಲು ಆರಿಸುವುದು

ಮೊದಲು ತೂಕ. ಗ್ರಾನೈಟ್ ಮತ್ತು ಅಮೃತಶಿಲೆ ಒಂದು ಘನ ಮೀಟರಿಗೆ ಸುಮಾರು 2.7 ಟನ್, ಕರಿಗಲ್ಲು 2.9ರಿಂದ 3 ಟನ್, ಮರಳುಗಲ್ಲು 2.2ರಿಂದ 2.4. ಎರಡು ಮೀಟರ್ ಎತ್ತರ, ಒಂದು ಮೀಟರ್ ಅಗಲ, 20 ಸೆಂ.ಮೀ. ದಪ್ಪದ ಗ್ರಾನೈಟ್ ಹಲಗೆ 0.4 ಘನ ಮೀಟರ್, ಅಂದರೆ 1,080 ಕೆ.ಜಿ. ಕ್ರೇನ್ ಒಳಬರಲಾರದ ಜಾಗಕ್ಕೆ ಇದನ್ನು ಬರೆದುಕೊಟ್ಟರೆ ಆಮೇಲೆ ಎರಡು ತುಂಡು ಮಾಡಬೇಕಾಗುತ್ತದೆ, ಸೀಳು ಸರಿಯಾಗಿ ಹೆಸರಿನ ನಡುವೆ ಬರುತ್ತದೆ. ಜಾಗ ನೋಡಲು ಹೋದಾಗ ಗೇಟಿನ ಅಗಲ, ತಿರುವು, ಮೇಲೆ ಹಾದುಹೋದ ವಿದ್ಯುತ್ ತಂತಿ, ನೆಲದ ಮೆದು ಇವನ್ನು ಅಳೆದು ಬರೆದುಕೊಳ್ಳಬೇಕು.

ಗ್ರಾನೈಟ್ ಹೊರಾಂಗಣಕ್ಕೆ ನಂಬಿಕಸ್ಥ ಕಲ್ಲು. ಅದರಲ್ಲಿರುವ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್‌ಗಳನ್ನು ಮಳೆನೀರಿನ ಹುಳಿ ಬೇಗ ತಿನ್ನುವುದಿಲ್ಲ. ಅಮೃತಶಿಲೆ ಮೂಲತಃ ಕ್ಯಾಲ್ಸೈಟ್. ಮಳೆಗೆ ಕರಗುತ್ತದೆ, ಅಕ್ಷರದ ಅಂಚು ಮೊಂಡಾಗುತ್ತದೆ, ಕೆಲವು ದಶಕದಲ್ಲಿ ಮೇಲ್ಮೈ ಮುಟ್ಟಿದರೆ ಹರಳುಹರಳಾಗಿ ಉದುರುತ್ತದೆ. ತೆಳ್ಳಗೆ ಕೊಯ್ದರೆ ಇನ್ನೊಂದು ಕಾಟ. ಕ್ಯಾಲ್ಸೈಟ್ ಹರಳು ಬಿಸಿಯಾದಾಗ ಒಂದು ದಿಕ್ಕಿಗೆ ಹಿಗ್ಗುತ್ತದೆ, ಅದಕ್ಕೆ ಅಡ್ಡಲಾಗಿ ತುಸು ಕುಗ್ಗುತ್ತದೆ. ಬಿಸಿಲು ನೆರಳಿನ ಸಾವಿರಾರು ಸುತ್ತುಗಳಲ್ಲಿ ಹರಳುಗಳ ಹಿಡಿತ ಸಡಿಲವಾಗಿ ಹಲಗೆ ಬಾಗುತ್ತದೆ. ಷಿಕಾಗೋದಲ್ಲಿ 1973ರಲ್ಲಿ ಮುಗಿದ ಅಮೊಕೊ ಗೋಪುರಕ್ಕೆ ಹೊದಿಸಿದ್ದ ಸುಮಾರು 43,000 ಕರಾರಾ ಅಮೃತಶಿಲೆಯ ತೆಳು ಹಲಗೆಗಳು ಹೀಗೆ ಬಾಗಿ, 1990ರ ದಶಕದ ಆರಂಭದಲ್ಲಿ ಎಲ್ಲವನ್ನೂ ತೆಗೆದು ಗ್ರಾನೈಟ್ ಹಾಕಬೇಕಾಯಿತು. ಅದು ಸ್ಮಾರಕವಲ್ಲ, ಕಲ್ಲಿನ ಸ್ವಭಾವ ಮಾತ್ರ ಅದೇ. ಬಯಲಿನಲ್ಲಿ 30 ಮಿ.ಮೀ. ಅಮೃತಶಿಲೆಯ ಹೆಸರು ಫಲಕ ಕೇಳಿದವರಿಗೆ ಬೇಡ ಎನ್ನುವುದೇ ಸರಿ. ಮಾಡಲೇಬೇಕಾದರೆ ದಪ್ಪ ಹೆಚ್ಚಿಸಿ, ಇಲ್ಲವೇ ಸೂರಿನಡಿ ಇಡಿ.

ಮರಳುಗಲ್ಲು ಮತ್ತು ಸುಣ್ಣಕಲ್ಲಿನಲ್ಲಿ ಪದರದ ದಿಕ್ಕು ನೋಡಬೇಕು. ನೆಲದಲ್ಲಿ ಮಲಗಿದ್ದ ಹಾಗೆಯೇ ಮಲಗಿಸಿದರೆ ಬಾಳುತ್ತದೆ. ಪದರ ಮುಖಕ್ಕೆ ಸಮಾನಾಂತರವಾಗಿ ಬರುವ ಹಾಗೆ ನಿಲ್ಲಿಸಿದರೆ ನೀರು ಪದರದ ನಡುವೆ ಇಳಿದು, ಅಕ್ಷರ ಸಮೇತ ಮುಖವೇ ಸಿಪ್ಪೆಯಾಗಿ ಕಳಚುತ್ತದೆ. ಎತ್ತರದ ಸಮಾಧಿಗಲ್ಲಿಗೆ ಪದರಗಲ್ಲು ಒಗ್ಗದಿರುವುದು ಇದಕ್ಕೇ.

ಕಲ್ಲನ್ನು ಕ್ವಾರಿಯಲ್ಲೇ ಪರೀಕ್ಷಿಸಿ. ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ದನಿ ಬಂದರೆ ಒಳಗೆ ಗಟ್ಟಿ. ಬೊದ್ದು ದನಿ ಬಂದರೆ ಬಿರುಕು. ಮೇಲೆ ನೀರು ಸುರಿದು ಒಣಗಲು ಬಿಡಿ. ಕೂದಲೆಳೆಯ ಬಿರುಕು ನೀರನ್ನು ಹಿಡಿದಿಟ್ಟುಕೊಂಡು ಕೊನೆಗೆ ಒಣಗುವ ಕಪ್ಪು ಗೆರೆಯಾಗಿ ಕಾಣುತ್ತದೆ. ಹಿತ್ತಾಳೆ ಬಣ್ಣದ ಹೊಳೆಯುವ ಚುಕ್ಕೆ ಕಂಡರೆ ಕಬ್ಬಿಣವಿರುವ ಖನಿಜ ಪೈರೈಟ್ ಇರಬಹುದು, ಕೆಲವು ಮಳೆಗಾಲದಲ್ಲಿ ಅದರಿಂದ ತುಕ್ಕಿನ ಕಣ್ಣೀರು ಇಳಿಯುತ್ತದೆ. ಪಾಲಿಶ್ ಆದ ಕಪ್ಪು ಗ್ರಾನೈಟ್ ಕೊಳ್ಳುವಾಗ ಬಿಳಿ ಬಟ್ಟೆಗೆ ಅಸಿಟೋನ್ ಹಚ್ಚಿ ಒರೆಸಿ ನೋಡಿ. ಬಟ್ಟೆ ಕಪ್ಪಾದರೆ ಬೂದು ಕಲ್ಲಿಗೆ ಬಣ್ಣ ಉಣಿಸಿದ್ದಾರೆ ಎಂದರ್ಥ, ಬಿಸಿಲಿಗೆ ಅದು ಹಸಿರು ಬೂದಿಗೆ ತಿರುಗುತ್ತದೆ. ಗ್ರಾಹಕರಿಗೆ ಒಂದೇ ತುಂಡು ತೋರಿಸುವುದೂ ತಪ್ಪು. ಅದೇ ಕ್ವಾರಿಯ ತಿಳಿ, ನಡು, ಗಾಢ ಎಂದು ಮೂರು ತುಂಡು ತೋರಿಸಿ, ಈ ಮೂರರ ನಡುವೆ ಎಲ್ಲಿ ಬಂದರೂ ಒಪ್ಪಿಗೆ ಎಂದು ಬರೆಸಿಕೊಳ್ಳಬೇಕು.

ಮಾದರಿ

ಸಣ್ಣ ಮಾದರಿ 1:10ರಲ್ಲಿ ಚೆಂದ ಕಂಡದ್ದು ಜಾಗದಲ್ಲಿ ಕುಳ್ಳಗೆ, ಬೋಳಾಗಿ ಕಾಣುವುದು ಮಾಮೂಲು. ಪ್ಲೈವುಡ್ಡು, ಥರ್ಮೋಕೋಲಿನಲ್ಲಿ ಪೂರ್ತಿ ಅಳತೆಯ ಟೊಳ್ಳು ರೂಪ ಮಾಡಿ ಅದೇ ಜಾಗದಲ್ಲಿ ಒಂದು ದಿನ ನಿಲ್ಲಿಸುವುದಕ್ಕೆ ತಗಲುವ ಖರ್ಚು ಕಲ್ಲಿನ ಖರ್ಚಿನ ಮುಂದೆ ಏನೂ ಅಲ್ಲ. ಲಂಡನ್ನಿನ ಯುದ್ಧ ಸ್ಮಾರಕ ಸೆನೊಟಾಫ್ ಮೊದಲು ನಿಂತದ್ದು 1919ರ ಜುಲೈ ಮೆರವಣಿಗೆಗಾಗಿ, ಮರ ಮತ್ತು ಪ್ಲಾಸ್ಟರಿನಲ್ಲಿ. ಜನ ಅದನ್ನು ಬಿಡಲಿಲ್ಲ, ಹಾಗಾಗಿ 1920ರಲ್ಲಿ ಅದೇ ಜಾಗದಲ್ಲಿ ಪೋರ್ಟ್‌ಲ್ಯಾಂಡ್ ಕಲ್ಲಿನದು ಎದ್ದಿತು. ಕಲ್ಲಿಗೆ ಇಳಿಸುವಾಗ ಅದರ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ನೇರ ರೇಖೆಗಳನ್ನು ತೆಗೆದುಹಾಕಿದರು. ಲಂಬವಾಗಿ ಕಾಣುವ ಅಂಚುಗಳು ಮುಂದುವರಿದರೆ ಸುಮಾರು 1,000 ಅಡಿ ಮೇಲೆ ಕೂಡುತ್ತವೆ. ಅಡ್ಡವಾಗಿ ಕಾಣುವವು ನೆಲದಿಂದ ಸುಮಾರು 900 ಅಡಿ ಕೆಳಗೆ ಕೇಂದ್ರವಿರುವ ವೃತ್ತದ ತುಣುಕುಗಳು. ಬರಿಗಣ್ಣಿಗೆ ಯಾವುದೂ ಬಾಗಿದಂತೆ ಕಾಣುವುದಿಲ್ಲ, ಆದರೆ ಪೆಟ್ಟಿಗೆಯ ಪೆಡಸು ಅದರಲ್ಲಿಲ್ಲ. ಕೆತ್ತುವವರಿಗೆ ಮಾತ್ರ ಇದು ತಲೆನೋವು, ಒಂದೊಂದು ಕಲ್ಲಿಗೂ ಬೇರೆ ಅಚ್ಚುಪಟ್ಟಿ ಬೇಕು.

ಅಕ್ಷರ

ಸ್ಮಾರಕದಲ್ಲಿ ಜನ ಮುಟ್ಟುವುದು, ಫೋಟೋ ತೆಗೆಯುವುದು, ತಪ್ಪು ಹುಡುಕುವುದು ಎಲ್ಲವೂ ಅಕ್ಷರದಲ್ಲಿ. ಉಳಿದ ಭಾಗಕ್ಕೆ ಕೊಡುವುದಕ್ಕಿಂತ ಹೆಚ್ಚು ಸಮಯವನ್ನು ಇಲ್ಲಿ ಕೊಟ್ಟರೆ ನಷ್ಟವಿಲ್ಲ.

ಪಠ್ಯ ಮೊದಲು. ದುಃಖದಲ್ಲಿರುವ ಮನೆಯವರು ಮೊದಲ ವಾರಗಳಲ್ಲಿ ಬರೆದುಕೊಡುವ ಸಾಲುಗಳು ಉದ್ದ ಇರುತ್ತವೆ. ಕಲ್ಲಿನ ಆಯ್ಕೆ, ಅಳತೆ ಮುಗಿಸಿ ಪಠ್ಯವನ್ನು ಕೊನೆಗೆ ಕೇಳುವುದು ಜಾಣತನ, ಅಷ್ಟರಲ್ಲಿ ಅದು ತಾನಾಗಿ ಚಿಕ್ಕದಾಗುತ್ತದೆ. ಮಿತಿ ಹಾಕಿದರೂ ಕೆಡುಕಿಲ್ಲ: ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನ ಯುದ್ಧ ಸಮಾಧಿ ಆಯೋಗ ಒಂದೊಂದು ಸಮಾಧಿಗಲ್ಲಿನ ಮೇಲೆ ಮನೆಯವರ ಮಾತಿಗೆ ಬಿಟ್ಟದ್ದು ಖಾಲಿ ಜಾಗವೂ ಸೇರಿ 66 ಅಕ್ಷರ.

ಉದ್ಧರಣೆಯನ್ನು ಜಾಗಕ್ಕೆ ಹೊಂದಿಸಲು ಕತ್ತರಿಸುವುದು ಅಪಾಯದ ಕೆಲಸ. ವಾಷಿಂಗ್ಟನ್ನಿನಲ್ಲಿ 2011ರಲ್ಲಿ ತೆರೆದ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕದಲ್ಲಿ ಅವರ ಭಾಷಣದ ಒಂದು ವಾಕ್ಯವನ್ನು ಹೀಗೆ ಚಿಕ್ಕದು ಮಾಡಿದರು. ಮೂಲದಲ್ಲಿ 'ಹಾಗೆ ಹೇಳುವುದೇ ಆದರೆ' ಎಂಬ ಷರತ್ತು ಇತ್ತು. ಅದು ಬಿದ್ದುಹೋಗಿ, ವಿನಯದ ಮಾತು ಜಂಬದ ಮಾತಾಯಿತು. 2013ರಲ್ಲಿ ಆ ಸಾಲನ್ನೇ ತೆಗೆದರು. ತೇಪೆ ಹಾಕಿದರೆ ಕಲ್ಲಿನ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ. ಅದಕ್ಕೇ ಶಿಲ್ಪಿ ಲೇ ಯಿಶಿನ್ ಅದರ ಮೇಲೆ, ಅಕ್ಕಪಕ್ಕದಲ್ಲಿ ಮೊದಲೇ ಇದ್ದ ಗೀರುಗಳಂಥವನ್ನೇ ಕೊರೆದು ಅಕ್ಷರವನ್ನು ಅಳಿಸಿದರು. ಲಿಂಕನ್ ಸ್ಮಾರಕದ ಗೋಡೆಯಲ್ಲಿ ಎಫ್ ಬದಲು ಇ ಕೊರೆದು, ಹೆಚ್ಚಾದ ಗೆರೆಯನ್ನು ತುಂಬಿದ ಗುರುತು ಇಂದಿಗೂ ಕಾಣುತ್ತದೆ.

ಕನ್ನಡದಲ್ಲಿ ತಪ್ಪು ನುಸುಳಲು ಇನ್ನೂ ಹೆಚ್ಚು ಕಿಂಡಿಗಳಿವೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. 20 ಮಿ.ಮೀ. ಎತ್ತರದ ಅಕ್ಷರದಲ್ಲಿ ಆ ಸೀಳು ಒಂದೆರಡು ಮಿ.ಮೀ. ಮಾತ್ರ. ಒತ್ತಡದ ಗಾಳಿಯಲ್ಲಿ ಪುಡಿ ಹೊಡೆದು ಅಕ್ಷರ ಕೊರೆಯುವ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಅಂಟಿಸಿದ ರಬ್ಬರ್ ಸ್ಟೆನ್ಸಿಲ್‌ನಲ್ಲಿ ಅದು ಮುಚ್ಚಿಕೊಂಡರೆ 'ಧನ' 'ದನ'ವಾಗುತ್ತದೆ. ಸೊನ್ನೆ, ಠ, ರ ಇಂಥ ಅಕ್ಷರಗಳ ಒಳಗಿನ ಸಣ್ಣ ದ್ವೀಪಗಳು ಗಾಳಿಯ ಹೊಡೆತಕ್ಕೆ ಹಾರಿಹೋದರೆ ಅಕ್ಷರ ಒಂದು ಗುಂಡಿಯಾಗುತ್ತದೆ. 25 ಮಿ.ಮೀ.ಗಿಂತ ಚಿಕ್ಕ ಕನ್ನಡ ಅಕ್ಷರಕ್ಕೆ ಸೀಳನ್ನು ಫಾಂಟಿನಲ್ಲಿರುವುದಕ್ಕಿಂತ ಬೇಕೆಂದೇ ಅಗಲ ಮಾಡಿ ಬರೆಯಬೇಕು. ಹೊಳಪು ಕಾಗದಕ್ಕೆ ಮಾಡಿದ ಫಾಂಟು ಕಲ್ಲಿಗೆ ಹಾಗೆಹಾಗೆಯೇ ಇಳಿಯುವುದಿಲ್ಲ. ವರ್ಷವನ್ನು ಕನ್ನಡ ಅಂಕಿಯಲ್ಲೇ ಬೇಕೆಂದರೆ ೬ ಮತ್ತು ೯ರ ಬಾಲವನ್ನು ಸ್ಪಷ್ಟವಾಗಿ ಬೇರೆ ಮಾಡಿ, ದೂರದಿಂದ ಎರಡೂ ಒಂದೇ.

ಸಾಲಿನ ಅಂತರದಲ್ಲೂ ಎಡವುವವರು ಬಹಳ. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಹೊಂದುವ ಅಂತರದಲ್ಲಿ ಕನ್ನಡ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಮೂಲಾಕ್ಷರದ ಎತ್ತರದ ಎರಡು ಪಟ್ಟಿನಿಂದ 2.2 ಪಟ್ಟಿನವರೆಗೆ ಸಾಲಿನಿಂದ ಸಾಲಿಗೆ ಬಿಡಬೇಕು. 'ರಾಷ್ಟ್ರೀಯ' ಎಂಬ ಪದವನ್ನು ಒಂದರ ಕೆಳಗೊಂದು ಎರಡು ಸಲ ಬರೆದು ನೋಡಿ, ಅದು ತಾಕದೆ ನಿಂತರೆ ಯಾವುದೂ ತಾಕುವುದಿಲ್ಲ. ಸಾಲನ್ನು ನಡುವಿಗೆ ಕೂರಿಸುವಾಗ ಕಂಪ್ಯೂಟರ್ ಕೊಟ್ಟ ನಡುವನ್ನು ನಂಬಬೇಡಿ. ಕೊನೆಯಲ್ಲಿ ದೀರ್ಘ ಅಥವಾ ಅರ್ಕಾವೊತ್ತು ಬಂದರೆ ಬಲಗಡೆ ಹಗುರವಾಗಿ, ಸಾಲು ಎಡಕ್ಕೆ ಜಾರಿದಂತೆ ಕಾಣುತ್ತದೆ.

ಫೈಲಿನ ವಿಷಯ. ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡಿಗೆ ಬದಲಿಸಿದಾಗ ಅರ್ಕಾವೊತ್ತು, ಒತ್ತಕ್ಷರಗಳು ಪಲ್ಟಿಯಾಗುತ್ತವೆ. ಸ್ಟೆನ್ಸಿಲ್ ಕತ್ತರಿಸುವವರಿಗೆ ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ರೇಖೆಗಳಾಗಿ ಪರಿವರ್ತಿಸಿ ಕಳಿಸಿ, ಜೊತೆಗೆ ಅದರ ಮುದ್ರಿತ ಪ್ರತಿ. ಪೂರ್ತಿ ಅಳತೆಯಲ್ಲಿ ಮುದ್ರಿಸಿದ ಕಾಗದವನ್ನು ಇಬ್ಬರು ಕೂತು ಪರಿಶೀಲಿಸಬೇಕು. ಒಬ್ಬರು ಕೊನೆಯ ಪದದಿಂದ ಹಿಂದಕ್ಕೆ ಅಕ್ಷರ ಅಕ್ಷರವಾಗಿ ಓದುವುದು, ಇನ್ನೊಬ್ಬರು ಮನೆಯವರು ಕೊಟ್ಟ ದಾಖಲೆಯಲ್ಲಿ ಬೆರಳಿಟ್ಟು ತಾಳೆ ನೋಡುವುದು. ಹಿಂದಿನಿಂದ ಓದಿದರೆ ಅರ್ಥ ತಲೆಗೆ ಹತ್ತುವುದಿಲ್ಲ, ಅಕ್ಷರವಷ್ಟೇ ಕಾಣುತ್ತದೆ. ಆ ಕಾಗದದ ಮೇಲೇ ಮನೆಯವರ ಸಹಿ, ತಾರೀಕು. ಮೊಬೈಲಿನಲ್ಲಿ ಬಂದ 'ಓಕೆ' ಸಾಲದು.

ಇನ್ನು ಕೆತ್ತನೆ. ಕೈಯಲ್ಲಿ ಕೆತ್ತುವ ಅಕ್ಷರ ವಿ ಆಕಾರದ ತೋಡು. ಎರಡು ಗೋಡೆಗಳ ನಡುವೆ 90 ಡಿಗ್ರಿ ಇದ್ದರೆ ಆಳ ಗೆರೆಯ ಅಗಲದ ಅರ್ಧ. 60 ಡಿಗ್ರಿಗೆ ಇಳಿಸಿದರೆ ಆಳ ಅಗಲದ 0.87 ಪಟ್ಟು. ಕಡಿದಾದಷ್ಟೂ ನೆರಳು ದಟ್ಟ. ಕಲ್ಲಿನ ಅಕ್ಷರ ಓದಿಸಿಕೊಳ್ಳುವುದೇ ನೆರಳಿನಿಂದ, ಹಾಗಾಗಿ ಓರೆ ಬಿಸಿಲು ಎಂದೂ ಬೀಳದ ಮುಖಕ್ಕೆ ಆಳ ಹೆಚ್ಚಿಸಬೇಕು ಇಲ್ಲವೇ ಬಣ್ಣ ತುಂಬಬೇಕು. ಉಳಿಯನ್ನು ಗೆರೆಯ ತುದಿಯಿಂದ ಒಳಮುಖವಾಗಿ ಹೊಡೆಯಬೇಕು. ತುದಿಯ ಕಡೆಗೆ ಹೊಡೆದರೆ ಮೂಲೆ ಸಿಡಿಯುತ್ತದೆ. ಸ್ಯಾಂಡ್‌ಬ್ಲಾಸ್ಟಿಂಗ್‌ನ ಅಕ್ಷರಕ್ಕೆ ತಳ ಚಪ್ಪಟೆ. ಗೆರೆಯ ಅಗಲಕ್ಕಿಂತ ಆಳ ಮಾಡಲು ಹೋದರೆ ಗೋಡೆ ಕೊರೆದು ಅಂಚು ಗರಗಸದಂತಾಗುತ್ತದೆ. ಹೆಸರು ಸ್ಯಾಂಡ್ ಎಂದಿದ್ದರೂ ಮರಳು ಬಳಸಬಾರದು, ಅದರ ಸಿಲಿಕಾ ಧೂಳು ಪುಪ್ಪುಸಕ್ಕೆ ವಿಷ. ಗಾರ್ನೆಟ್ ಅಥವಾ ಅಲ್ಯುಮಿನಿಯಂ ಆಕ್ಸೈಡ್ ಪುಡಿ ಬಳಸಿ.

ಎತ್ತರದ ಲೆಕ್ಕ: ಆರಾಮಾಗಿ ಓದಲು ಪ್ರತಿ 3 ಮೀಟರ್ ದೂರಕ್ಕೆ ಸುಮಾರು 25 ಮಿ.ಮೀ. ಈ ಲೆಕ್ಕವನ್ನು ಬೇಕೆಂದೇ ಮುರಿಯಲೂಬಹುದು. ವಿಯೆಟ್ನಾಂ ಸ್ಮಾರಕದ ಹೆಸರುಗಳ ಎತ್ತರ 0.53 ಅಂಗುಲ, ಅಂದರೆ ಸುಮಾರು 13.5 ಮಿ.ಮೀ.; ಆಳ ಅರ್ಧ ಮಿಲಿಮೀಟರಿಗಿಂತ ಕಡಿಮೆ. ದೂರ ನಿಂತರೆ ಗೋಡೆ ಬರೀ ಕಪ್ಪು. ಓದಬೇಕೆಂದರೆ ಹತ್ತಿರ ಬರಬೇಕು, ಬಂದಾಗ ಹೊಳಪಿನಲ್ಲಿ ತಮ್ಮ ಮುಖವೂ ಹೆಸರಿನ ಜೊತೆ ಕಾಣುತ್ತದೆ. ಇಷ್ಟು ತೆಳು ಕೆತ್ತನೆ ನಡೆಯುವುದು ಕಲ್ಲು ಅಂಥದ್ದಾಗಿದ್ದರಿಂದ: ಪಾಲಿಶ್ ಆದ ಕಪ್ಪು ಗ್ರಾನೈಟಿನಲ್ಲಿ ಗೀರಿದ ಜಾಗ ಬೆಳಕನ್ನು ಚದುರಿಸಿ ಬಿಳಿಚಾಗಿ ಕಾಣುತ್ತದೆ, ಬಣ್ಣ ಬೇಡ. ಮಳೆಯಲ್ಲಿ ಆ ವ್ಯತ್ಯಾಸ ಮಾತ್ರ ಮಂಕಾಗುತ್ತದೆ. ಆ ಗ್ರಾನೈಟ್ ಹೋದದ್ದು ಬೆಂಗಳೂರಿನ ಕಡೆಯಿಂದ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಅದೇ ಸ್ಮಾರಕದ ಇನ್ನೊಂದು ಸೂಕ್ಷ್ಮ ಪ್ರತಿ ವಿನ್ಯಾಸಕಾರರೂ ಕಲಿಯಬೇಕಾದ್ದು. ಸತ್ತದ್ದು ಖಚಿತವಾದವರ ಹೆಸರಿನ ಪಕ್ಕ ವಜ್ರದ ಆಕಾರ, ಕಾಣೆಯಾದವರ ಪಕ್ಕ ಕೂಡಿಸುವ ಚಿಹ್ನೆ. ಕಾಣೆಯಾದವರ ಅವಶೇಷ ಸಿಕ್ಕಿದರೆ ಆ ಚಿಹ್ನೆಯ ಮೇಲೇ ವಜ್ರ ಕೊರೆಯಬಹುದು. ಜೀವಂತ ಬಂದರೆ ಸುತ್ತ ಒಂದು ವೃತ್ತ. ಕಲ್ಲಿನಲ್ಲಿ ಅಳಿಸಲಾಗದು, ಸೇರಿಸಲು ಮಾತ್ರ ಆಗುತ್ತದೆ ಎಂಬುದನ್ನು ಮೊದಲೇ ಯೋಚಿಸಿದ ಚಿಹ್ನೆಗಳು ಅವು. 1982ರಲ್ಲಿ 57,939 ಇದ್ದ ಹೆಸರುಗಳು ಈಗ 58,000 ದಾಟಿವೆ. ಮನೆಯ ಸಮಾಧಿಗಲ್ಲಿನಲ್ಲೂ ಇದೇ ಪ್ರಶ್ನೆ: ಮುಂದೆ ಇನ್ನೆಷ್ಟು ಹೆಸರು ಸೇರಬಹುದು? ಕೇಳಲು ಮುಜುಗರ, ಆದರೆ ಕೇಳದೆ ಹೆಸರನ್ನು ನಟ್ಟನಡುವೆ ಕೆತ್ತಿದರೆ ಎರಡನೆಯ ಹೆಸರಿಗೆ ಜಾಗವಿಲ್ಲ.

ನಿಲ್ಲಿಸುವುದು

ಒಂದು ಸಣ್ಣ ಲೆಕ್ಕ. 1.2 ಮೀ. ಎತ್ತರ, 60 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಗ್ರಾನೈಟ್ ಕಲ್ಲು ಸುಮಾರು 194 ಕೆ.ಜಿ. ಸುಮ್ಮನೆ ಪೀಠದ ಮೇಲೆ ನಿಲ್ಲಿಸಿದರೆ ಮೇಲಂಚನ್ನು ಎಷ್ಟು ತಳ್ಳಿದರೆ ಉರುಳುತ್ತದೆ? ತೂಕವನ್ನು ದಪ್ಪದ ಅರ್ಧದಿಂದ ಗುಣಿಸಿ ಎತ್ತರದಿಂದ ಭಾಗಿಸಿ: 194 × 0.05 ÷ 1.2, ಅಂದರೆ 8 ಕೆ.ಜಿ. ಚಿಲ್ಲರೆ. ಒಂದು ಮಗು ಜೋತುಬಿದ್ದರೆ ಸಾಕು. ದಪ್ಪವನ್ನು 20 ಸೆಂ.ಮೀ. ಮಾಡಿದರೆ 32 ಕೆ.ಜಿ. ಆಗುತ್ತದೆ, ದಪ್ಪ ಎರಡು ಪಟ್ಟು, ಭದ್ರತೆ ನಾಲ್ಕು ಪಟ್ಟು. ಗಾರೆಯ ಅಂಟನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ, ಕೆಲವೇ ವರ್ಷಗಳಲ್ಲಿ ಅದು ಬಿಡುತ್ತದೆ.

ಆದ್ದರಿಂದ ಪಿನ್. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, 16 ಮಿ.ಮೀ. ದಪ್ಪ, ಕನಿಷ್ಠ ಎರಡು. ಕಲ್ಲಿನೊಳಗೆ 15 ಸೆಂ.ಮೀ., ಪೀಠದೊಳಗೆ 15 ಸೆಂ.ಮೀ. ರಂಧ್ರ 20 ಮಿ.ಮೀ. ಪಿನ್ ಕಿತ್ತುಬರುವುದಕ್ಕೆ ಎಪಾಕ್ಸಿಯ ಗುಣಮಟ್ಟಕ್ಕಿಂತ ಹೆಚ್ಚಾಗಿ ರಂಧ್ರದೊಳಗಿನ ಪುಡಿಯೇ ಕಾರಣ. ಅಂಟು ಪುಡಿಗೆ ಹಿಡಿಯುತ್ತದೆ, ಕಲ್ಲಿಗೆ ಹಿಡಿಯುವುದಿಲ್ಲ. ಬ್ರಷ್ ಹಾಕಿ ತಿರುಗಿಸಿ, ಗಾಳಿ ಊದಿ, ಮತ್ತೆ ಬ್ರಷ್, ಮತ್ತೆ ಗಾಳಿ. ಒದ್ದೆ ಇದ್ದರೆ ಒಣಗುವ ತನಕ ಕಾಯಿರಿ.

ಸಾದಾ ಕಬ್ಬಿಣ ಮಾತ್ರ ಬೇಡ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಅಥೆನ್ಸಿನ ಪಾರ್ಥೆನಾನ್ ದೇಗುಲ ಕಟ್ಟಿದವರು ಕಬ್ಬಿಣದ ಕೊಂಡಿಗಳ ಸುತ್ತ ಸೀಸ ಎರೆದು ನೀರು ತಾಕದಂತೆ ಮಾಡಿದ್ದರು. 20ನೇ ಶತಮಾನದ ಮೊದಲ ದಶಕಗಳ ದುರಸ್ತಿಯಲ್ಲಿ ಎಂಜಿನಿಯರ್ ನಿಕೊಲಾಸ್ ಬಲಾನೋಸ್ ಸೀಸದ ರಕ್ಷಣೆಯಿಲ್ಲದ ಕಬ್ಬಿಣ ಹಾಕಿದರು, ಎರಡು ಸಾವಿರ ವರ್ಷ ತಾಳಿದ ಅಮೃತಶಿಲೆ ಕೆಲವೇ ದಶಕಗಳಲ್ಲಿ ಒಡೆಯಿತು. ಈಗಿನ ದುರಸ್ತಿಯಲ್ಲಿ ಅವನ್ನು ತೆಗೆದು ಟೈಟಾನಿಯಂ ಹಾಕುತ್ತಿದ್ದಾರೆ.

ಪಾಯವನ್ನು ಮೇಲ್ಮಣ್ಣು ದಾಟಿ, ಯಾರೂ ಅಗೆಯದ ಗಟ್ಟಿ ಮಣ್ಣಿಗೆ ಇಳಿಸಬೇಕು. ಹೊಸ ಸಮಾಧಿಯ ಮಣ್ಣು ಆರು ತಿಂಗಳಿಂದ ಒಂದು ವರ್ಷ ಕುಸಿಯುತ್ತಲೇ ಇರುತ್ತದೆ. ಕಾಯಿರಿ, ಇಲ್ಲವೇ ಎರಡು ಬದಿಯ ಗಟ್ಟಿ ನೆಲದ ಮೇಲೆ ಕೂರುವ ಕಾಂಕ್ರೀಟ್ ತೊಲೆ ಹಾಕಿ. ಪೀಠಕ್ಕಿಂತ ಪಾಯ ಎಲ್ಲಾ ಕಡೆ 75ರಿಂದ 100 ಮಿ.ಮೀ. ಹೊರಗಿರಲಿ. ಪಾಯಕ್ಕೂ ಕಲ್ಲಿಗೂ ನಡುವೆ ಸೀಸದ ಹಾಳೆಯೋ ತೇವ ತಡೆಯುವ ಪೊರೆಯೋ ಇರಲೇಬೇಕು. ಇಲ್ಲದಿದ್ದರೆ ನೆಲದ ನೀರು ಲವಣ ಹೊತ್ತು ಮೇಲೇರಿ, ಒಣಗುವಾಗ ಲವಣ ಹರಳುಗಟ್ಟಿ ಮುಖವನ್ನು ಪುಡಿ ಮಾಡುತ್ತದೆ. ಪಿನ್ ಈ ಪೊರೆಯನ್ನು ತೂರಿ ಹೋಗುವಲ್ಲಿ ಸುತ್ತ ಎಪಾಕ್ಸಿಯಿಂದ ಮುಚ್ಚಿ. ಮೇಲ್ಭಾಗ ಎಲ್ಲಿಯೂ ಪೂರ್ತಿ ಮಟ್ಟವಿರಬಾರದು, 1:20ರಷ್ಟು ಇಳಿಜಾರಾದರೂ ಇರಲಿ. ಮುಂದೆ ಚಾಚಿದ ಅಂಚಿನ ಕೆಳಗೆ, ತುದಿಯಿಂದ 20 ಮಿ.ಮೀ. ಒಳಗೆ, 10 ಮಿ.ಮೀ. ಅಗಲದ ತೋಡು ಕೊರೆದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಅಕ್ಷರದ ಮೇಲೆ ಕಪ್ಪು ಗೆರೆ ಇಳಿಯುವುದಿಲ್ಲ. ಸಂದಿಗೆ ಸಾದಾ ಸಿಲಿಕೋನ್ ತುಂಬಿದರೆ ಅದರ ಎಣ್ಣೆ ಕಲ್ಲಿಗೆ ಹೀರಿ ಚೌಕಟ್ಟು ಹಾಕಿದ ಹಾಗೆ ಕಲೆ ಮೂಡುತ್ತದೆ. ಕಲ್ಲಿಗೆಂದೇ ಮಾಡಿದ ಕಲೆ ಬಿಡದ ಬಗೆ ಸಿಗುತ್ತದೆ.

ಧೂಳು

ಇದರಲ್ಲಿ ರಿಯಾಯಿತಿ ಇಲ್ಲ. ಗ್ರಾನೈಟಿನಲ್ಲಿ ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಕ್ವಾರ್ಟ್ಸ್ ಇರುತ್ತದೆ, ಮರಳುಗಲ್ಲಿನಲ್ಲಿ ಇನ್ನೂ ಹೆಚ್ಚು. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಕೊಲ್ಲುತ್ತದೆ. ಅಮೆರಿಕದ 2016ರ ನಿಯಮದಂತೆ 8 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೊಗ್ರಾಂ ಸಿಲಿಕಾ ಮಿತಿ, ಒಣ ಗ್ರೈಂಡರ್ ಅದನ್ನು ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಅಮೆರಿಕದ ವರ್ಮಾಂಟಿನ ಬ್ಯಾರೆ ಊರಿನಲ್ಲಿ ಗಾಳಿಒತ್ತಡದ ಸುತ್ತಿಗೆಗಳು ಬಂದ ಮೇಲೆ ಗ್ರಾನೈಟ್ ಕೆತ್ತುವವರ ಒಂದು ತಲೆಮಾರು ಸಿಲಿಕೋಸಿಸ್ (ಸಿಲಿಕಾ ಧೂಳಿನಿಂದ ಬರುವ ಪುಪ್ಪುಸದ ಕಾಯಿಲೆ), ಕ್ಷಯಗಳಿಗೆ ಬಲಿಯಾಯಿತು; 1930ರ ದಶಕದ ಕೊನೆಗೆ ಶೆಡ್ಡುಗಳಲ್ಲಿ ಧೂಳು ಹೀರುವ ಯಂತ್ರ ಕೂರಿಸಿದ ಮೇಲೆ ಕಾಯಿಲೆ ಇಳಿಯಿತು. ಕೊಯ್ಯುವಾಗ ನೀರು, ಕೆತ್ತುವ ಕಡೆ ಹೀರುಕೊಳವೆ, ಮುಖಕ್ಕೆ ಬಿಗಿಯಾಗಿ ಕೂರುವ ಪಿ100 ಅಥವಾ ಎಫ್‌ಎಫ್‌ಪಿ3 ಮಾಸ್ಕ್. ಗಡ್ಡವಿದ್ದರೆ ಮಾಸ್ಕ್ ಬಿಗಿಯಾಗುವುದಿಲ್ಲ. ಪೊರಕೆಯಿಂದ ಒಣ ಗುಡಿಸುವುದು, ಅದೇ ಬಟ್ಟೆಯಲ್ಲಿ ಮನೆಗೆ ಹೋಗುವುದು ಎರಡೂ ಬೇಡ. ಅದೇ ಸುತ್ತಿಗೆಗಳ ಅದುರಿಗೆ ಬೆರಳು ಬಿಳಿಚಿ ಮರಗಟ್ಟುವುದನ್ನು ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲೇ ಇಂಡಿಯಾನಾದ ಸುಣ್ಣಕಲ್ಲು ಕೆಲಸಗಾರರಲ್ಲಿ ದಾಖಲಿಸಿದ್ದರು. ಬೆಳಗಿನ ಚಳಿಯಲ್ಲಿ ಬೆರಳ ತುದಿ ಬಿಳುಪಾದರೆ ಅದೇ ಮೊದಲ ಎಚ್ಚರಿಕೆ.

ಕರಾರು ಮತ್ತು ಕಡತ

ವಿನ್ಯಾಸದ ಶುಲ್ಕವನ್ನು ಕಲ್ಲಿನ ಬೆಲೆಯೊಳಗೆ ಬಚ್ಚಿಡಬೇಡಿ. ಬಚ್ಚಿಟ್ಟರೆ ಕೆಲಸ ಕೈತಪ್ಪಿದಾಗ ನಿಮ್ಮ ಚಿತ್ರವನ್ನು ಬೇರೆಯವರು ಅಗ್ಗಕ್ಕೆ ಕೆತ್ತುತ್ತಾರೆ. ಕಲ್ಲು ಕೊಳ್ಳುವ ಹಣ ಮುಂಗಡವಾಗಿ, ಪಠ್ಯಕ್ಕೆ ಸಹಿ ಬಿದ್ದಾಗ ಒಂದು ಕಂತು, ಶೆಡ್ಡಿನಲ್ಲಿ ಮುಗಿದ ಕಲ್ಲನ್ನು ನೋಡಿದಾಗ ಇನ್ನೊಂದು, ನಿಲ್ಲಿಸಿದ ಮೇಲೆ ಕೊನೆಯದು. ಪಾಯ ಯಾರದು, ಕ್ರೇನ್ ಯಾರದು, ಸಹಿಯ ನಂತರ ಬದಲಾದ ಅಕ್ಷರಕ್ಕೆ ಯಾರು ಕೊಡಬೇಕು ಎಂಬ ಮೂರು ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಜಗಳ ಖಚಿತ.

ಒಪ್ಪಿಸುವಾಗ ಒಂದು ಪುಟದ ಆರೈಕೆ ಚೀಟಿ ಕೊಡಿ: ಬರೀ ನೀರು, ಮೆತ್ತಗಿನ ನೈಲಾನ್ ಬ್ರಷ್ ಸಾಕು; ಆಸಿಡ್, ಬ್ಲೀಚಿಂಗ್ ಪುಡಿ, ತಂತಿ ಬ್ರಷ್, ಒತ್ತಡದ ನೀರು ಬೇಡ. ನಿಮ್ಮ ಕಡತದಲ್ಲಿ ಕ್ವಾರಿಯ ವಿವರ, ಅದೇ ಕಲ್ಲಿನ ಒಂದು ತುಂಡು, ಅಕ್ಷರದ ರೇಖಾಫೈಲು, ಪೂರ್ತಿ ಅಳತೆಯ ಕಾಗದ, ತೋಡಿನ ಕೋನ ಮತ್ತು ಆಳ ಇರಲಿ. ಹತ್ತು ಹದಿನೈದು ವರ್ಷದ ನಂತರ ಎರಡನೆಯ ಹೆಸರು ಸೇರಿಸಲು ಅದೇ ಮನೆಯವರು ಬರುತ್ತಾರೆ. ಆಗ ಹೊಸ ಅಕ್ಷರ ಹಳೆಯದರ ಪಕ್ಕ ಬೆಳ್ಳಗೆ ಎದ್ದು ಕಾಣುತ್ತದೆ, ಒಂದೆರಡು ಮಳೆಗಾಲದಲ್ಲಿ ತಿಳಿಯಾಗುತ್ತಾ ಬರುತ್ತದೆ. ಇದನ್ನು ಕೆತ್ತುವ ಮುಂಚೆ ಹೇಳಿಬಿಡಿ, ಕೆತ್ತಿದ ಮೇಲೆ ಹೇಳಿದರೆ ನೆಪದ ಹಾಗೆ ಕೇಳಿಸುತ್ತದೆ.